ಗೌಸಬೀ ತಂದ ಹಿಟ್ಟು

"ಹಾಕೀನಿ ಬೇ, ಎಲ್ಲಾರ ಹಿಟ್ಟಿನ ಕೂಡ ಹಾಕೀನಿ," ಎಂದು ವಿರೂಪಾಕ್ಷಮ್ಮ ಹಿತ್ತಲ ಬಾಗಿಲಿನಿಂದ ಹೇಳಿದ್ದು ಹಸಿ ಸುಳ್ಳು. ಗೌಸಬೀ ತಂದ ಜೋಳದ ಹಿಟ್ಟಿನಲ್ಲಿ ಅರ್ಧ ಆಗಲೇ ಎಮ್ಮೆಯ ಮುಸುರೆ ಬಾನಿಗೆ ಬಿದ್ದಿತ್ತು. ಉಳಿದರ್ಧ ಅರಿವೆಯ ಗಂಟಿನಲ್ಲಿ ಅವಳ ಕೈಯಲ್ಲೇ ಇತ್ತು. ಒಲೆಯ ಮುಂದೆ ಕೂತಿದ್ದ ಸೊಸೆ ಕಳಕಮ್ಮ ಅದನ್ನು ಕಣ್ಣಾರೆ ಕಂಡಳು. ಅವಳ ಮೈಯೆಲ್ಲ ಉರಿದುಹೋಯಿತು.

ಓಣಿಯ ಹಿಟ್ಟೆಲ್ಲ ಇಲ್ಲಿ ಕೂಡಿಸಿದ್ದು ಯಾರ ಸಲುವಾಗಿ? ಇದೇ ಗೌಸಬೀಯ ಸಲುವಾಗಿ. ಅವಳ ಕೈಯಲ್ಲಿ ಹುಟ್ಟದ ಕೂಸು ಹುಲಿಗಿ ಊರಲ್ಲಿ ಹುಡುಕಿದರೂ ಸಿಗದು. ಈಗ ಆ ಸೂಲಗಿತ್ತಿಯ ಕಣ್ಣಿಗೆ ಪೊರೆ ಬಂದು, ಬಾಗಿಲು ಯಾವುದು ಗೋಡೆ ಯಾವುದು ತಿಳಿಯದಂತಾಗಿತ್ತು. ಬಳ್ಳಾರಿಯ ದವಾಖಾನೆಯಲ್ಲಿ ಪೊರೆ ತೆಗೆಯುತ್ತಾರೆಂದು ಕೇಳಿ ಕಳಕಮ್ಮನೇ ಓಣಿಯ ಹೆಂಗಸರನ್ನು ತನ್ನ ಪಡಸಾಲೆಗೆ ಕರೆದಿದ್ದಳು. ಲಡಾಯಿಯ ಕಾಲ. ಸರ್ಕಾರದ ಲೆವಿಗೆ ಜೋಳ ಅಳೆದುಕೊಟ್ಟು ಉಳಿದದ್ದರಲ್ಲೇ ಎಲ್ಲರ ಸಂಸಾರ. ಚಂದಾ ಕೇಳಿದರೆ ಯಾರ ಕೈಯೂ ಬಿಚ್ಚುತ್ತಿರಲಿಲ್ಲ. ಅದಕ್ಕೇ ಮನೆಗೊಂದು ಬೊಗಸೆ ಹಿಟ್ಟು ತರುವುದು, ಇಲ್ಲೇ ರೊಟ್ಟಿ ಬಡಿಯುವುದು, ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಬರುವ ಭಕ್ತರಿಗೆ ಪುಂಡಿಪಲ್ಯದ ಜೊತೆ ಕಟ್ಟೆಯ ಮೇಲೆ ಕೂತು ಮಾರಿ ದವಾಖಾನೆಗೆ ದುಡ್ಡು ಕೂಡಿಸುವುದು ಎಂದು ಗೊತ್ತುಮಾಡಿದ್ದರು. ಸುದ್ದಿ ಗೌಸಬೀಗೂ ಮುಟ್ಟಿತು. ಬರೇ ಕೈಯೊಡ್ಡುವುದು ಅವಳ ಜಾಯಮಾನವಲ್ಲ. ತಾನೇ ಬೀಸಿ, ಗೋಡೆ ಹಿಡಿದುಕೊಂಡು ಬಂದು, ತನ್ನ ಪಾಲಿನ ಹಿಟ್ಟು ಕೊಟ್ಟು ಕಂಬಕ್ಕೆ ಒರಗಿ ಕೂತಿದ್ದಳು.

ಕಳಕಮ್ಮ ದಡದಡ ಹೋಗಿ ಅತ್ತೆಯ ಕೈ ಹಿಡಿದಳು. ಅತ್ತೆ ಪಿಸುಗುಟ್ಟಿದಳು. ಸಾಬರ ಮನೆಯ ಹಿಟ್ಟು ಕೂಡಿದೆಯೆಂದು ತಿಳಿದರೆ ಭಕ್ತರು ರೊಟ್ಟಿ ಮುಟ್ಟುತ್ತಾರೇನು, ನಷ್ಟ ಆಗುವುದು ಅವಳಿಗೇ ಅಲ್ಲವೇನು, ಕಣ್ಣು ಕಾಣದವಳಿಗೆ ಗೊತ್ತಾದರೂ ಹೇಗಾಗುತ್ತದೆ ಎಂದಳು. ಪಕ್ಕದಲ್ಲಿದ್ದ ಓಣಿಯ ಶೇಖರಮ್ಮ ಹೌದೆಂದು ಗೋಣು ಹಾಕಿದಳು. ಹೆತ್ತ ಅಷ್ಟೂ ಮಕ್ಕಳನ್ನು ಗೌಸಬೀಯ ಮಡಿಲಿಗೇ ಹಾಕಿದ್ದ ಶೇಖರಮ್ಮ! ಇಂಥವರ ದಯೆಗಿಷ್ಟು ಬೆಂಕಿ ಹಾಕಬೇಕು.

ವಿರೂಪಾಕ್ಷಮ್ಮನ ಪಿಸುಮಾತೆಂದರೆ ಆಚೆ ಮನೆಗೂ ಕೇಳುವಂಥದ್ದು. ಗೌಸಬೀಗೆ ಕಣ್ಣು ಹೋಗಿತ್ತೇ ಹೊರತು ಕಿವಿಯಲ್ಲ.

"ಎಮ್ಮಿಗೆ ಹಾಕಿದ್ರೇನವ್ವಾ?" ಎಂದಳು.

ಹಿತ್ತಲಲ್ಲಿ ಎಮ್ಮೆ ಸೊರಸೊರ ಕುಡಿಯುವುದೊಂದೇ ಕೇಳುತ್ತಿತ್ತು.

ಕಳಕಮ್ಮ ಅತ್ತೆಯ ಕೈಯ ಗಂಟು ಕಿತ್ತುಕೊಂಡಳು. ಒಳಗೆ ಬಂದು ಓಣಿಯ ಹಿಟ್ಟೆಲ್ಲ ಕೂಡಿಟ್ಟಿದ್ದ ಪರಾತಕ್ಕೆ ಎಲ್ಲರೆದುರೇ ಕೊಡವಿದಳು. ಮೇಲೆ ಕುದಿಯುವ ನೀರು ಸುರಿದಳು.

"ನಿಮ್ಮ ಮಗ ಹುಟ್ಟಿದಾಗ ಬಾಯಾಗ ಮೊದಲ ಬೆಲ್ಲದ ನೀರ ಬಿಟ್ಟಾಕಿ ಯಾರ್ರಿ ಅತ್ತಿ? ಆವಾಗ ಆ ಕೈಗೆ ಮೈಲಿಗಿ ಇರಲಿಲ್ಲೇನು?"

ಅತ್ತೆಗೆ ಅವಳು ಎದುರು ಮಾತಾಡಿದ್ದು ಅದೇ ಮೊದಲು. ಹಿಟ್ಟು ನಾದುವ ಕೈಗೆ ಬಿಸಿ ಹತ್ತಿದ್ದೂ ತಿಳಿಯಲಿಲ್ಲ. ತನ್ನ ಹಿಟ್ಟೂ ಕೆಟ್ಟುಹೋಯಿತೆಂದು ಗೊಣಗುತ್ತ ಶೇಖರಮ್ಮ ಖಾಲಿ ಮೊರ ಎತ್ತಿಕೊಂಡು ನಡೆದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ವಿರೂಪಾಕ್ಷಮ್ಮ ದೇವರ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡಳು.

ಗೌಸಬೀ ಕಂಬ ಹಿಡಿದು ಎದ್ದು ನಿಂತಳು.

"ಬಿಡ ಕಳಕವ್ವಾ. ಕಣ್ಣ ಬಂದ್ರ ಮತ್ತ ಇವರ ಮುಖಾನ ನೋಡಬೇಕಲ್ಲ."

"ನೀ ಸುಮ್ಮ ಕುಂದ್ರ ಆಯಿ," ಎಂದು ಕಳಕಮ್ಮ ಅವಳ ಮೇಲೂ ರೇಗಿದಳು. ರಟ್ಟೆ ಹಿಡಿದು ಒಲೆಯ ಮುಂದೆ ಕೂರಿಸಿದಳು. ಹಿಟ್ಟಿನ ಉಂಡೆಯೊಂದನ್ನು ಅವಳ ಅಂಗೈಯಲ್ಲಿಟ್ಟು, "ಬಡಿ," ಎಂದಳು.

ಹಂಚು ಕಾದು ಹೊಗೆಯಾಡತೊಡಗಿತು. ಉಂಡೆ ಅಂಗೈ ಮೇಲೆ ಹಾಗೇ ಇತ್ತು. ಗೌಸಬೀ ಬೆರಳು ಮಡಚಲಿಲ್ಲ.