ಕೈಗೆ ಬಂದ ಮಾತು

ಎಡಗಡೆಯ ದೀಪ ಕಿವಿಯ ಅಂಚನ್ನು ಸುಡುತ್ತಿದೆ, ಅರ್ಧ ಹೆಜ್ಜೆ ಸರಿದರೆ ಸಾಕು, ಆದರೆ ಸರಿದರೆ ಮುಖಕ್ಕೆ ನೆರಳು ಬೀಳುತ್ತದೆ, ಮುಖ ಕಾಣದಿದ್ದರೆ ಸನ್ನೆ ಭಾಷೆಯಲ್ಲಿ ಅರ್ಧ ಮಾತೇ ಹೋದಂತೆ, ಹುಬ್ಬಿಗೂ ತುಟಿಗೂ ಅದರಲ್ಲಿ ಪಾಲಿದೆ, ಸುಡಲಿ ಬಿಡು — ಅತಿಥಿ ಮಾತಾಡುತ್ತಿದ್ದಾರೆ, ನನ್ನ ಕೈಗಳು ಅವರ ಬೆನ್ನು ಹಿಡಿದು ಓಡುತ್ತಿವೆ, ವಿಶ್ವವಿದ್ಯಾಲಯ, ಅರ್ಹತೆ, ಸಮಾಜದ ಮೇಲಿನ ಹೊರೆ, ಒಳ್ಳೆಯ ದನಿ ಅವರದು, ತಣ್ಣಗೆ, ಎಲ್ಲೂ ತಡವರಿಸದ ದನಿ, ಇಂಥವರಿಗೆ ದುಭಾಷಿಯಾಗುವುದು ಸಲೀಸು, ಅದೇ ಕಷ್ಟ. ಸಭಾಂಗಣದ ಬಾಗಿಲುಗಳಿಗೆ ಒಳಗಿನಿಂದ ಅಗುಳಿ ಹಾಕಿದ್ದಾರೆ, ಹೊರಗೆ ಭಾಷಣ ನಿಲ್ಲಿಸಿ ಎಂದು ಕೂಗುವ ಹುಡುಗರು, ಆ ಕೂಗು ನನಗೆ ಕೇಳಿಸುತ್ತದೆ, ಮುಂದಿನ ಸಾಲಿನ ನಾಲ್ವರಿಗೆ ಕೇಳಿಸುವುದಿಲ್ಲ, ನಾನು ನಿಂತಿರುವುದೇ ಅವರಿಗಾಗಿ, ನಡುವೆ ಗಣಿತ ಓದುವ ಹುಡುಗಿ, ನನ್ನ ಕೈಯಿಂದ ಕಣ್ಣು ಕಿತ್ತಿಲ್ಲ. ಬೆಳಿಗ್ಗೆ ಕುಲಸಚಿವರು ಕರೆಸಿ, ನೋಡಿ ಮೇಡಂ, ಅವರಿಗೆ ಮಾತಾಡೋ ಹಕ್ಕಿದೆ, ತಡೆದ್ರೆ ಬಾಯಿ ಮುಚ್ಚಿಸಿದ್ರು ಅಂತಾರೆ, ಬಿಟ್ರೆ ನಮ್ಮ ಮಕ್ಕಳಿಗೆ ನೋವಾಗುತ್ತೆ, ಎರಡನ್ನೂ ತೂಗಿಸ್ಕೊಂಡು ಹೋಗ್ಬೇಕು, ನೀವೂ ಸ್ವಲ್ಪ ನೋಡ್ಕೊಂಡು ಮಾಡಿ. ನೋಡ್ಕೊಂಡು ಅಂದ್ರೆ ಏನ್ ಸರ್. ಅಂದ್ರೆ ತೀರಾ ಚುಚ್ಚೋ ಮಾತು ಬಂದ್ರೆ ಸ್ವಲ್ಪ ಮೆತ್ತಗೆ, ನಿಮಗೆ ನಾನು ಹೇಳ್ಬೇಕಾ. ಕೆಟ್ಟವರಲ್ಲ ಅವರು, ನಿದ್ದೆಗೆಟ್ಟ ಕಣ್ಣು, ಮಾತಿನ ನಡುವೆ ಎರಡು ಸಲ ಕಿಟಕಿಯ ಚಿಲಕ ನೋಡಿಬಂದರು. ಪಕ್ಕದ ಕೋಣೆಯಲ್ಲಿ ದಿಂಬು, ನೀರು, ಒಬ್ಬ ಆಪ್ತಸಮಾಲೋಚಕಿ, ಮನಸ್ಸಿಗೆ ಕಷ್ಟವಾದವರು ಹೋಗಿ ಮಾತಾಡಬಹುದಂತೆ, ಆಕೆಗೆ ಸನ್ನೆ ಭಾಷೆಯ ಗಂಧವೇ ಇಲ್ಲ, ಯಾರ ಜೊತೆ ಮಾತಾಡ್ಲಿ ಅಕ್ಕಾ, ದಿಂಬಿನ ಜೊತೆನಾ ಎಂದು ಗಣಿತದ ಹುಡುಗಿ ಕೈಯಲ್ಲೇ ನಕ್ಕಿದ್ದಳು, ಆಮೇಲೆ ನಗು ಬಿಟ್ಟು, ಭಾಷಣ ನಿಲ್ಲಿಸೋದು ಬೇಡ, ಬರ್ಲಿ, ನಮ್ಮ ಬಗ್ಗೆ ಅವರು ಏನಂತಾರೋ ನಾನೇ ನೋಡ್ಬೇಕು, ನೋಡಿದ್ಮೇಲೆ ನಂದೊಂದು ಪ್ರಶ್ನೆ ಇದೆ, ಆ ಪ್ರಶ್ನೆಯನ್ನು ನನ್ನ ಮುಂದೆ ಮಾಡಿಯೂ ತೋರಿಸಿದ್ದಳು, ಸರಿಯಾಗಿ ಹೇಳ್ತೀಯಲ್ಲ ಅಕ್ಕಾ.

ಈಗ ಅತಿಥಿ ಲೋಟ ಎತ್ತಿ ನೀರು ಕುಡಿದರು, ಕೈಗಳಿಗೆ ಒಂದು ಉಸಿರಿನಷ್ಟು ಬಿಡುವು, ಲೋಟ ಇಟ್ಟರು, ಅದೇ ತಣ್ಣನೆಯ ದನಿಯಲ್ಲಿ, ನಾನು ಕೇಳೋದು ಇಷ್ಟೇ, ಕಿವುಡರು ಕಿವುಡರನ್ನೇ ಮದುವೆಯಾಗಿ ಇನ್ನಷ್ಟು ಕಿವುಡರನ್ನ ಹೆರೋದನ್ನ ಸಮಾಜ ಯಾಕೆ ತಡೀಬಾರದು — ನನ್ನ ಕೈ ಮೇಲೆದ್ದಿತು, ಎದ್ದದ್ದು ಅಲ್ಲೇ ನಿಂತಿತು, ಎಷ್ಟು ಹೊತ್ತು, ರೆಪ್ಪೆ ಬಡಿಯುವಷ್ಟು, ಆಮೇಲೆ ಬೆರಳುಗಳು ತಮ್ಮಷ್ಟಕ್ಕೆ ತಾವೇ ಏನೋ ಹೇಳಿದವು, ಮದುವೆಗೆ ಮುಂಚೆ ವೈದ್ಯರ ಸಲಹೆ ಪಡೆಯುವುದು ಒಳ್ಳೆಯದು ಎಂಬಂತೆ ಏನೋ, ಮೆತ್ತಗೆ, ಹತ್ತಿಯಂತೆ. ಸಭಾಂಗಣದಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಯಾರೋ ಥೂ ಎಂದರು, ಒಬ್ಬ ಅಧ್ಯಾಪಕಿ ಎದ್ದು ನಿಂತಳು, ಗಣಿತದ ಹುಡುಗಿ ಕತ್ತು ತಿರುಗಿಸಿ ಆ ಮುಖಗಳನ್ನೆಲ್ಲ ನೋಡಿದಳು, ನನ್ನನ್ನು ನೋಡಿದಳು, ಲೆಕ್ಕ ತಾಳೆಯಾಗಲಿಲ್ಲ, ವೈದ್ಯರ ಸಲಹೆಗೆ ಯಾರಾದರೂ ಥೂ ಅನ್ನುತ್ತಾರೆಯೇ, ತೊಡೆಯ ಮೇಲೆ ಸಣ್ಣದಾಗಿ ಕೈಯಾಡಿಸಿದಳು, ನಿಜಕ್ಕೂ ಏನಂದ್ರು ಅಕ್ಕಾ. ಅಮ್ಮನೂ ಹೀಗೇ ಕೇಳುತ್ತಿದ್ದಳು, ಅಮ್ಮ ಕಿವುಡಿ, ಅಪ್ಪನೂ ಕಿವುಡ, ಅವರ ಹೊಟ್ಟೆಯಲ್ಲಿ ಹುಟ್ಟಿದ ನನಗೆ ಸೂಜಿ ಬಿದ್ದರೂ ಕೇಳಿಸುತ್ತಿತ್ತು, ಜಗಳದಲ್ಲಿ ಸೋಲುವ ಹೊತ್ತಿಗೆ ಅಪ್ಪ ದೀಪ ಆರಿಸಿಬಿಡುತ್ತಿದ್ದ, ಇನ್ನು ಮಾತಾಡು ನೋಡೋಣ ಎಂಬಂತೆ, ಅಮ್ಮ ಕತ್ತಲಲ್ಲೇ ಅವನ ಬೆನ್ನು ಹುಡುಕಿ ಗುದ್ದಿ ಉತ್ತರ ಕೊಡುತ್ತಿದ್ದಳು, ಆಮೇಲೆ ಇಬ್ಬರ ನಗು, ಅವರಿಗೇ ಕೇಳಿಸದ ಆ ದೊಡ್ಡ ನಗು, ಮದುವೆಯನ್ನು ತಡೆದಿದ್ದರೆ ಆ ನಗು ಎಲ್ಲಿರುತ್ತಿತ್ತು, ನಾನೆಲ್ಲಿ, ಈ ಕೈಗಳೆಲ್ಲಿ. ಪಕ್ಕದ ಮನೆಯ ಅತ್ತೆ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದುಹೋದಾಗ ನಾನು, ಅತ್ತೆ ನಾಳೆ ಬರ್ತಾರಂತೆ ಅಮ್ಮಾ ಎಂದು ತಿಳಿಸಿದ್ದೆ, ಅಮ್ಮ ನನ್ನ ಗಲ್ಲ ಹಿಡಿದು, ಅವಳು ನಂಗೆ ಅಂದಿದ್ದು ನಂದು, ಪೂರ್ತಿ ಕೊಡು, ಬೈಗುಳನೂ ನಂದೇ. ಅತಿಥಿ ಮುಂದಿನ ವಾಕ್ಯಕ್ಕೆ ಹೋಗಿಯಾಗಿದೆ, ಕುಲಸಚಿವರು ಪಕ್ಕದ ಬಾಗಿಲ ಬಳಿ ನಿಂತು ನನಗೆ ತಲೆಯಾಡಿಸುತ್ತಿದ್ದಾರೆ, ಚೆನ್ನಾಗಿ ಸಂಭಾಳಿಸಿದ್ರಿ ಎಂಬಂತೆ — ಆ ತಲೆಯಾಟವೇ ನನ್ನನ್ನು ಕೆಡಿಸಿತು, ನಾನು ಆ ಮಾತಿಗೆ ಹಿಂದಿರುಗಿ, ಅವರು ಆಗ ಅಂದದ್ದು ಇದು, ಎಂದು ಪೂರ್ತಿ ಕೊಟ್ಟೆ, ಅವರು ನಾನು ಎಂದಲ್ಲೆಲ್ಲ ನನ್ನದೇ ಎದೆಗೆ ಬೆರಳಿಟ್ಟೆ, ದುಭಾಷಿಗೆ ನಿಯಮ ಅದು, ಕಿವುಡರು, ಕಿವುಡರನ್ನೇ, ಹೆರುವುದು, ತಡೆಯಬೇಕು, ನನ್ನ ಕೈಯಿಂದ ನನ್ನ ಅಮ್ಮನ ಬಸಿರನ್ನು ನಾನೇ ತಡೆದೆ.

ಹುಡುಗಿ ಅಳಲಿಲ್ಲ, ಎದ್ದು ನಿಂತಳು. ಪ್ರಶ್ನೆಗಳನ್ನು ಮೊದಲೇ ಆರಿಸಿಟ್ಟಾಗಿದೆ, ಅವಳದನ್ನು ತೀರಾ ಭಾವುಕವಾಯಿತೆಂದು ಪಕ್ಕಕ್ಕಿಟ್ಟಿದ್ದರು, ಅವಳಿಗೆ ಅದೂ ಗೊತ್ತು, ನಿಂತೇ ಕೈಯೆತ್ತಿ ಶುರುಮಾಡಿಬಿಟ್ಟಳು, ನನ್ನ ಕೊರಳ ಬಳಿಯ ಮೈಕು ಇಂಥದಕ್ಕೇ ಇರುವುದು, ನಾನು ಅವಳ ದನಿಯಾಗಿ ಬಾಯಿ ತೆರೆದೆ, ನನ್ನ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಚೆನ್ನಾಗಿ ಕೇಳುತ್ತೆ ಸರ್, ಎಲ್ಲರೂ ನನ್ನತ್ತ ತಿರುಗಿದರು, ನನ್ನತ್ತ ಅಲ್ಲ ಅವಳತ್ತ ನೋಡಿ, ಮಾತು ಅವಳದು — ಹೊರಗೆ ಬಾಗಿಲನ್ನು ಯಾರೋ ದಬದಬ ಗುದ್ದಿದರು, ಅಗುಳಿ ಅಲುಗಿತು, ಹಿಂದಿನ ಸಾಲಿನಲ್ಲಿ ಕುರ್ಚಿ ಉರುಳಿತು, ಕುಲಸಚಿವರು ಕಾವಲಿನ ಹೆಂಗಸಿಗೆ ಕಣ್ಸನ್ನೆ ಮಾಡಿದರು, ಆಕೆ ಬಂದಳು, ನನ್ನಮ್ಮನ ವಯಸ್ಸು, ಹುಡುಗಿಯ ಕೈ ನಿಂತಿಲ್ಲ, ನನ್ನ ಬಾಯಿಯೂ, ಹಾಗಾದ್ರೆ ನಾನು ಹುಟ್ಟದೇ ಇರೋ ಹಾಗೆ ಮಾಡೋಕೆ ನೀವು — ಅಷ್ಟೇ. ಆಕೆ ಹುಡುಗಿಯ ಎರಡೂ ಮಣಿಕಟ್ಟುಗಳನ್ನು ಹಿಡಿದಿದ್ದಾಳೆ. ಒರಟಾಗಿ ಅಲ್ಲ, ರಸ್ತೆ ದಾಟಿಸುವವರಂತೆ, ಬಾ ಕಂದಾ, ಇಲ್ಲಿ ಗಲಾಟೆ ಆಗುತ್ತೆ, ನಿನ್ನ ಒಳ್ಳೇದಕ್ಕೇ ಹೇಳೋದು. ಅತಿಥಿ ನನ್ನತ್ತ ಬಾಗಿ, ಯಾಕೆ ನಿಲ್ಲಿಸಿದ್ರು, ಕೇಳಲಿ ಬಿಡಿ, ಉತ್ತರ ಕೊಡ್ತೀನಿ. ಉಳಿದ ಅರ್ಧ ನನಗೆ ಗೊತ್ತು, ನಾಲಿಗೆಯ ತುದಿಯಲ್ಲೇ ಇದೆ, ನೀವು ಯಾರ ಮದುವೆ ತಡೀತಿದ್ರಿ ಸರ್, ಆದರೆ ಆಡದ ಮಾತನ್ನು ಆಡಿದ್ದಾಳೆಂದು ನಾನು ಹೇಳಿದರೆ ನಾನೂ ಅವಳ ಕೈ ಹಿಡಿದಂತೆಯೇ ಅಲ್ಲವೇ, ಹೇಳದಿದ್ದರೂ ಹಿಡಿದಂತೆಯೇ — ಅವಳ ಕೈ ಬಿಡಿ ಎಂದೆ. ಮೈಕಿನಲ್ಲಿ. ಇದು ಯಾರ ಮಾತೂ ಅಲ್ಲ, ನನ್ನದು, ಇಡೀ ಸಭೆಗೆ ಕೇಳಿಸಿತು. ಯಾರ ಮಾತಿದು ಎಂದು ಅತಿಥಿ ಹುಬ್ಬೇರಿಸಿದರು, ಕುಲಸಚಿವರು ಬಾಗಿಲನ್ನೇ ನೋಡುತ್ತಿದ್ದಾರೆ, ಕಾವಲಿನ ಹೆಂಗಸು ತಲೆಯೆತ್ತಿ, ನಿಜಕ್ಕೂ ಅರ್ಥವಾಗದವಳಂತೆ, ನಾನೇನು ಬಾಯಿ ಮುಚ್ಚಿದ್ನಾ ಮೇಡಂ, ಮಾತಾಡ್ಲಿ ಬಿಡಿ, ಎಂದಳು, ಬಿಡಲಿಲ್ಲ, ಹುಡುಗಿ ನನ್ನನ್ನೇ ನೋಡುತ್ತಿದ್ದಾಳೆ, ನನ್ನ ಎರಡೂ ಕೈಗಳು ಬಿಡುವಾಗಿವೆ, ಗಾಳಿಯಲ್ಲಿವೆ, ಅವಕ್ಕೆ ಹೇಳಲು ಏನೂ ಇಲ್ಲ, ಅಲ್ಲಿ ಮಣಿಕಟ್ಟುಗಳು, ಹಿಡಿದ ಮಣಿಕಟ್ಟುಗಳು, ಅವುಗಳ ಮೇಲೆ ಹುಡುಗಿಯ ಹತ್ತು ಬೆರಳು ಇನ್ನೂ ಆಡುತ್ತಿವೆ