ಎರಡು ಸಲ ಬಿದ್ದ ಪರದೆ

ಆ ದಿನ ಹಗ್ಗ ಸಿಕ್ಕಿಹಾಕಿಕೊಂಡಿದ್ದರೆ? ನಾನು ಬೀಳದೆ ಅಲ್ಲೇ ನೇತಾಡಿದ್ದರೆ, ಸಂಕಪ್ಪ ಇನ್ನೊಂದು ಗಳಿಗೆಯಾದರೂ ತನ್ನ ಹಳೆಯ ಮನೆಯನ್ನು ಮನಸ್ಸಿನಲ್ಲಿ ಉಳಿಸಿಕೊಳ್ಳುತ್ತಿದ್ದನೇ? ಗೊತ್ತಿಲ್ಲ. ನನಗೆ ಬೀಳುವುದಷ್ಟೇ ಗೊತ್ತು.

ನಾನು ಒಂದು ಕೆಂಪು ಪರದೆ. ಹುಟ್ಟಿದ್ದು ಯಂತ್ರಮಗ್ಗದಲ್ಲಿ. ಬೆಂಗಳೂರಿನ ದರ್ಜಿಯೊಬ್ಬ ನನ್ನ ಅಂಚು ಹೊಲಿದು, ತೂಗುಹಾಕಲು ಬಳೆ ಪೋಣಿಸಿ, ‘ಹೊಸ ಹೊಸ್ತಿಲು’ ಎಂಬ ಟೀವಿ ಕಾರ್ಯಕ್ರಮದವರಿಗೆ ಕೊಟ್ಟ. ಕಷ್ಟದಲ್ಲಿರುವ ಒಳ್ಳೆಯವರನ್ನು ಹುಡುಕಿ, ಒಂದು ವಾರ ಬೇರೆ ಊರಿಗೆ ಕಳಿಸಿ, ಅಷ್ಟರಲ್ಲಿ ಅವರ ಮನೆಯನ್ನು ಹೊಸದು ಮಾಡುವುದು ಆ ಕಾರ್ಯಕ್ರಮ. ಅವರು ಮರಳಿದಾಗ ಅವರಿಗೂ ಮನೆಗೂ ನಡುವೆ ನಾನು. ಹಗ್ಗ ಎಳೆದರೆ ನಾನು ಬೀಳಬೇಕು, ಅವರು ಅಳಬೇಕು.

ಮೊದಮೊದಲು ಎಲ್ಲ ಸಣ್ಣದಾಗಿತ್ತು. ಸೋರುವ ಮಾಡಿಗೆ ಹೊಸ ಹಂಚು, ಬಚ್ಚಲಿಗೊಂದು ಬಾಗಿಲು. ಚನ್ನಪಟ್ಟಣದ ಹತ್ತಿರ ಒಬ್ಬ ಮುದುಕಿ, ನಾನು ಬಿದ್ದರೂ ಮನೆಯನ್ನು ನೋಡದೆ, ಬಣ್ಣ ಬಳಿದವರನ್ನು "ಊಟ ಆಯ್ತೇನ್ರಪ್ಪಾ?" ಎಂದು ಕೇಳಿದಳು. ಅದನ್ನೂ ಹಾಗೇ ತೋರಿಸಿದರು. ಆಮೇಲೆ ನೋಡುವವರು ಹೆಚ್ಚಿದರು, ಜಾಹೀರಾತು ಹೆಚ್ಚಿತು, ನನ್ನ ಮೈಮೇಲೆ ಟೈಲ್ಸ್ ಕಂಪನಿಯ ಹೆಸರು ಬಂತು. ಮನೆಯವರು ಸಾಕಷ್ಟು ಅಳದಿದ್ದರೆ ನನ್ನನ್ನು ಮತ್ತೆ ಕಟ್ಟಿ, ಮತ್ತೆ ಬೀಳಿಸತೊಡಗಿದರು. ಲಾರಿ, ಧೂಳು, ಇನ್ನೊಂದು ಊರು, ಅದೇ ಹಗ್ಗ. ನನ್ನ ಕೆಂಪು ಮಾಸಿತು.

ಹಾಗೆ ದಣಿದಿದ್ದಾಗ ಗುಳೇದಗುಡ್ಡಕ್ಕೆ ಬಂದೆ. ಸಂಕಪ್ಪ ಅಲ್ಲಿ ಕುಪ್ಪಸದ ಖಣದ ಬಟ್ಟೆ ನೇಯುವವನು. ಪಡಸಾಲೆಯ ನೆಲದಲ್ಲೇ ಕುಣಿ ತೋಡಿ ಕೂಡಿಸಿದ ಮಗ್ಗ. ಕುಣಿಯೊಳಗೆ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತ ನೇಯಬೇಕು. ಅವನ ಅಪ್ಪ, ಅಜ್ಜ ತುಳಿದದ್ದೂ ಅಲ್ಲೇ. ಗಂಡನನ್ನು ಕಳೆದುಕೊಂಡ ಓಣಿಯ ಹೆಂಗಸರನ್ನು ಅದೇ ಕುಣಿಯಲ್ಲಿ ಕೂರಿಸಿ ಅವನು ಕಸುಬು ಕಲಿಸುತ್ತಿದ್ದ. ಅದಕ್ಕೇ ಅವನನ್ನು ಆರಿಸಿದ್ದರು. ಮನೆ ಸೋರುತ್ತಿತ್ತು, ಹಿಂದಿನ ಗೋಡೆ ಕುಸಿದಿತ್ತು.

ನಿರೂಪಕಿ ಇಂಚರಾ ಒಳ್ಳೆಯ ಹುಡುಗಿ. "ಅಪ್ಪಾ, ನಿಮ್ಮ ಕಷ್ಟ ಏನು, ಹೇಳಿ" ಎಂದು ಬಿಡದೆ ಕೇಳಿದಳು. ಕಟ್ಟೆಯ ಮೇಲೆ ಮಡಿಸಿಟ್ಟಿದ್ದ ನನಗೂ ಕೇಳಿಸಿತು. ಗೋಡೆಯ ಮಾತೆತ್ತಲು ಸಂಕಪ್ಪನಿಗೆ ನಾಚಿಕೆ. ಅಷ್ಟು ಕೇಳುವವಳಿಗೆ ಏನಾದರೂ ಹೇಳಬೇಕಲ್ಲ ಎಂದು, "ಕುಣ್ಯಾಗ ಕುಂತು ಕುಂತು ಮೊಣಕಾಲು ಹಿಡಕೋತಾವ ತಂಗೀ, ಅಷ್ಟ" ಎಂದ.

ವಾರ ಕಳೆದು ಗಂಡ ಹೆಂಡತಿ ಮರಳಿದರು. ಓಣಿ ಕಿರಿದಾದ್ದರಿಂದ ನನ್ನನ್ನು ಮುಂಬಾಗಿಲಿಗೇ ಕಟ್ಟಿದ್ದರು. ಕ್ಯಾಮೆರಾ ಸಿದ್ಧವಾಗುವವರೆಗೆ ಸಂಕಪ್ಪ ನನ್ನ ಅಂಚನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದ.

"ಮಷಿನ್ ಬಟ್ಟಿ. ಹೊಕ್ಕಿನ ಅಡ್ಡ ನೂಲು ಸಡಲ ಐತಿ."

"ಸುಮ್ನ ನಿಂದರ್ರಿ. ಪರದ್ಯಾಗೂ ಕುಂದು ಹುಡುಕ್ತೀರಲ್ಲ!" ಎಂದು ಹೆಂಡತಿ ಶಂಕ್ರವ್ವ ನಕ್ಕಳು.

ಅಷ್ಟು ವರ್ಷಗಳಲ್ಲಿ ನನ್ನನ್ನು ಬಟ್ಟೆಯೆಂದು ಮುಟ್ಟಿದವನು ಅವನೊಬ್ಬನೇ.

ಹಗ್ಗ ಎಳೆದರು. ಬಿದ್ದೆ.

ಗೋಡೆಯಿಂದ ಗೋಡೆಗೆ ಬಿಳಿ ಟೈಲ್ಸ್ ಹೊಳೆಯುತ್ತಿತ್ತು. ಕುಣಿ ಇರಲಿಲ್ಲ. ಮಗ್ಗವೂ ಇರಲಿಲ್ಲ. ನೂಲು ಹೊತ್ತು ಅತ್ತಿಂದಿತ್ತ ಓಡುತ್ತಿದ್ದ ಲಾಳಿಯನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿ, ಮೇಲೊಂದು ಪುಟ್ಟ ದೀಪ ಹಾಕಿದ್ದರು.

"ಅಪ್ಪಾ, ಇನ್ಮೇಲೆ ನೀವು ಗುಂಡಿಗಿಳಿದು ಕಾಲು ನೋಯಿಸ್ಕೋಬೇಕಾಗಿಲ್ಲ!" ಇಂಚರಾ ಚಪ್ಪಾಳೆ ತಟ್ಟಿದಳು. ಅವಳ ಕಣ್ಣಲ್ಲಿ ನಿಜವಾಗಿ ನೀರಿತ್ತು. ಓಣಿಯೂ ತಟ್ಟಿತು. ಕಲಿಯಲು ಬರುತ್ತಿದ್ದ ಹೆಂಗಸರು ಮಾತ್ರ ಒಳಗೆ ಇಣುಕಿ ಮಗ್ಗ ಹುಡುಕುತ್ತಿದ್ದರು.

ಸಂಕಪ್ಪ ನೆಲ ನೋಡಿದ. ಅಳಲಿಲ್ಲ.

"ಇನ್ನೊಂದ್ಸಲ ಮಾಡೋಣ!" ನಿರ್ದೇಶಕ ಕೂಗಿದ.

ನನ್ನನ್ನು ಮತ್ತೆ ಕಟ್ಟಿದರು, ಅವನನ್ನು ಮತ್ತೆ ಹೊರಗೆ ನಿಲ್ಲಿಸಿದರು. ಈ ಸಲ ಅವನು ನನ್ನ ಅಂಚನ್ನು ಬಿಡಲಿಲ್ಲ. ಹಗ್ಗ ಎಳೆದಾಗ ನಾನು ಪರ್ರನೆ ಹರಿದು ಬಿದ್ದೆ. ಒಳಗೆ ಮಗ್ಗವಿಲ್ಲವೆಂದು ಗೊತ್ತಿದ್ದೇ ನೋಡಿದ, ಗಳಗಳನೆ ಅತ್ತುಬಿಟ್ಟ.

"ಸೂಪರ್!" ಎಂದ ನಿರ್ದೇಶಕ.

"ಹೇಗಿದೆ ಅಪ್ಪಾ ಮನೆ?" ಇಂಚರಾ ಕೇಳಿದಳು.

"ಭಾಳ ಛಲೋ ಆಗೇತ್ರಿ. ನಿಮಗ ಪುಣ್ಯ ಬರ್ಲಿ."

ಹರಿದ ನನ್ನನ್ನು ಅಲ್ಲೇ ಬಿಟ್ಟು ಹೋದರು.

ಟೀವಿಯಲ್ಲಿ ಅದು ಬಂದ ದಿನ ಓಣಿಯ ಮಂದಿಯೆಲ್ಲ ಆ ಬಿಳಿ ನೆಲದ ಮೇಲೆ ಕೂತು ನೋಡಿದರು. ಎಲ್ಲರೂ ಎದ್ದುಹೋದ ಮೇಲೆ ಶಂಕ್ರವ್ವ ಕೇಳಿದಳು: "ಒಂದು ಮಾತು ಅಂದಿದ್ರ ಏನಾಗ್ತಿತ್ತು?"

"ಏನಂತ ಅನ್ಲಿ? ಸೋರದಂಥಾ ಮನಿ ಕೊಟ್ಟಾರ. ಆ ಹುಡುಗಿ ಮಾರಿ ಮ್ಯಾಲಿನ ಖುಷಿ ನೋಡಿದೇನು ನೀ?"

"ಟೈಲ್ಸ್ ಒಡದು ಕುಣಿ ತಿರುಗಿ ತೋಡಸೂಣು."

"ಕೊಟ್ಟದ್ದನ್ನ ಒಡೀತಾರೇನ?"

ಕೆಲವು ವರ್ಷಕ್ಕೆ ‘ಹೊಸ ಹೊಸ್ತಿಲು’ ನಿಂತಿತು; ಅದರ ಜಾಗಕ್ಕೆ ಹಾಡಿನ ಸ್ಪರ್ಧೆ ಬಂತು. ಕಲಿಯುತ್ತಿದ್ದ ಹೆಂಗಸರು ಬೇರೆ ಕೂಲಿ ಹುಡುಕಿಕೊಂಡರು. ಸಂಕಪ್ಪ ಪಕ್ಕದ ಓಣಿಯ ಯಂತ್ರಮಗ್ಗಗಳಿಗೆ ನೂಲು ಸುತ್ತಲು ಹೋಗುತ್ತಾನೆ. ಎಂಥ ಮಳೆಗೂ ಮನೆ ಒಂದು ಹನಿ ಸೋರುವುದಿಲ್ಲ, ಅದನ್ನೂ ಹೇಳಬೇಕು.

ಟೈಲ್ಸ್ ಥಂಡಿಯೆಂದು ಶಂಕ್ರವ್ವ ನನ್ನನ್ನು ಮಡಿಚಿ ಹಾಸುತ್ತಾಳೆ. ಕೆಲಸದಿಂದ ಬಂದ ಸಂಕಪ್ಪ ನನ್ನನ್ನು ಕುಣಿಯಿದ್ದ ಜಾಗಕ್ಕೆ ಎಳೆದುಕೊಂಡು, ಕಾಲು ಚಾಚಿ ಕೂರುತ್ತಾನೆ. ತಿಳಿಯದೆಯೇ ಅವನ ಹಿಮ್ಮಡಿಗಳು ನನ್ನನ್ನು ಒತ್ತುತ್ತವೆ, ಎಡದ್ದು, ಬಲದ್ದು, ಮತ್ತೆ ಎಡದ್ದು. ಕೆಳಗೆ ಯಾವ ಹಲಗೆಯೂ ಜಗ್ಗುವುದಿಲ್ಲ. ಮರೆಮಾಡಲೆಂದೇ ಹುಟ್ಟಿದ ನಾನು ಈಗಲೂ ಅದನ್ನೇ ಮಾಡುತ್ತಿದ್ದೇನೆ, ಬೀಳುವ ಕೆಲಸವೊಂದು ತಪ್ಪಿದೆ.

ಹಬ್ಬ ಬಂದರೆ ಇಂಚರಾ ಇಂದಿಗೂ ಫೋನ್ ಮಾಡುತ್ತಾಳೆ. "ಅಪ್ಪಾ, ಕಾಲು ನೋವು ಹೇಗಿದೆ?"

"ಆರಾಮ ಐತಿ ತಂಗೀ."

‘ನನ್ನ ಕುಣಿ ಯಾಕೆ ಮುಚ್ಚಿದಿರಿ’ ಎಂದು ಅವನು ಅವಳನ್ನು ಒಮ್ಮೆಯೂ ಕೇಳಲಿಲ್ಲ.