ಇಸ್ತ್ರಿ ಪೆಟ್ಟಿಗೆ ಕೆಳಗಿನ ಬೀಜ

ಇಸ್ತ್ರಿ ಪೆಟ್ಟಿಗೆ ಇಡೋದಕ್ಕೆ ಅಂತಲೇ ಯಾರೋ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು ಆ ಡಬ್ಬಿ. ಮುಚ್ಚಳ ಚಪ್ಪಟೆ, ತಗಡು ಗಟ್ಟಿ, ಎತ್ತರ ನನ್ನ ಕೈಗೆ ಸರಿಯಾಗಿ. ಹಳೆ ಸ್ಟ್ಯಾಂಡು ಮುರಿದ ದಿನ ನೂರೆಂಬತ್ತು ಜೊತೆ ಶಾಲೆ ಯೂನಿಫಾರ್ಮು ತಲೆ ಮೇಲೆ ಕೂತಿತ್ತು. ಕೈಗೆ ಸಿಕ್ಕಿದ್ದು ಆ ಡಬ್ಬಿ. ಎರಡು ತಿಂಗಳು ಬೆಳಗಿಂದ ಸಂಜೆವರೆಗೆ ಕಾದ ಇಸ್ತ್ರಿಯನ್ನ ಅದರ ಮೇಲೇ ಇಟ್ಟೆ, ಎತ್ತಿದೆ, ಇಟ್ಟೆ. ಒಳಗೇನಿದೆ ಅಂತ ಮುಚ್ಚಳ ತೆಗೆದು ನೋಡೋಷ್ಟು ಪುರುಸೊತ್ತು ಯಾವ ದರ್ಜಿಗಿರುತ್ತೆ, ನೀವೇ ಹೇಳಿ.

ಒಳಗಿದ್ದದ್ದು ನಮ್ಮತ್ತೆಯ ಬೀನ್ಸ್ ಬೀಜ. ಇದ್ದಬದ್ದದ್ದೆಲ್ಲ ಅದರಲ್ಲೇ ಇತ್ತು. ಇಲಿ ಕಾಟ ಅಂತ ನಮ್ಮ ಯಜಮಾನರು ಬೀಜದ ಚೀಲವನ್ನ ಆ ಡಬ್ಬಿಗೆ ಹಾಕಿದಾಗ ನಾನು ಎದುರಿಗೇ ಇದ್ದೆ. ನನಗೆ ಗೊತ್ತಿತ್ತು, ಮರೆತೆ. ಅವರ ಮೇಲೆ ಹಾಕೋಣ ಅಂತ ಎರಡು ದಿನ ಯೋಚನೆ ಮಾಡಿದ್ದೂ ನಿಜ.

ಈ ಬೀನ್ಸ್ ಅಂದ್ರೆ ಏನು ಅಂತ ಹೇಳದಿದ್ರೆ ನನ್ನ ಸಂಕಟ ನಿಮಗೆ ಅರ್ಥ ಆಗಲ್ಲ. ಅತ್ತೆಗೆ ಅವರಮ್ಮ ಕೊಟ್ಟಿದ್ದು, ಅವರಮ್ಮನಿಗೆ ಅವರಜ್ಜಿ. ಬೀಜ ಅರ್ಧ ಬಿಳಿ, ಅರ್ಧ ಕೆಂಪು, ಶಾಯಿಯಲ್ಲಿ ಅದ್ದಿ ತೆಗೆದ ಹಾಗೆ. ಬಳ್ಳಿ ಎರಡಾಳು ಎತ್ತರ ಹೋಗುತ್ತೆ, ಮೂರು ತಿಂಗಳು ಬಿಡದೆ ಕಾಯಿ ಕೊಡುತ್ತೆ. ಮುರಿದ್ರೆ ಟಕ್ ಅನ್ನುತ್ತೆ, ನಾರು ಅಂತ ಒಂದೆಳೆ ಇಲ್ಲ. ಅಂಗಡಿ ಬೀನ್ಸನ್ನ ನಾಲ್ಕು ನೀರಲ್ಲಿ ತೊಳೆದ್ರೂ ಔಷಧಿ ವಾಸನೆ ಬಿಡಲ್ಲ, ಅಗಿದಷ್ಟೂ ಹಗ್ಗ. ನಮ್ಮ ಟೆರೇಸಿನದ್ದನ್ನ ಬಳ್ಳಿಯಿಂದ ಕಿತ್ತು ಹಾಗೇ ಬಾಯಿಗೆ ಹಾಕ್ಕೋಬಹುದು. ಯಜಮಾನರು ಗಡಿಯಾರ ರಿಪೇರಿಯವರು, ದಿನವಿಡೀ ಕೂತ ಕೆಲಸ, ಹೊಟ್ಟೆ ಯಾವತ್ತೂ ತಕರಾರು. ಬಳ್ಳಿ ಕಾಯಿ ಬಿಡೋ ಮೂರು ತಿಂಗಳು ಮಾತ್ರ ಅವರ ಹೊಟ್ಟೆಯೂ ಟೈಮಿಗೆ ಸರಿಯಾಗಿ ನಡೆಯುತ್ತೆ. ಇದನ್ನ ಹೇಳಬೇಡ ಅಂದಿದ್ರು, ಹೇಳಿಬಿಟ್ಟೆ.

ಅತ್ತೆಗೆ ಎಂಬತ್ತೊಂದು. ಕಣ್ಣು ಮಂಜು, ಆದರೆ ಬೆರಳಿಗೆ ಕಣ್ಣಿದೆ. ಹಳೇ ಪೇಂಟ್ ಡಬ್ಬಗಳಲ್ಲಿ ಮಣ್ಣು, ಅಡುಗೆಮನೆ ಸಿಪ್ಪೆ ಕೊಳೆಸಿದ ಗೊಬ್ಬರ, ಹುಳ ಜಾಸ್ತಿ ಆದ್ರೆ ಸೋಪಿನ ನೀರು, ಅಷ್ಟೇ ಅವರ ವೈದ್ಯ. ಒಂದೆರಡು ಎಲೆ ತೂತಾದ್ರೆ ನಾನು ಗೊಣಗ್ತೀನಿ. ಅವರು ಹೇಳ್ತಾರೆ, "ಹುಳವೇ ಮುಟ್ಟದ್ದನ್ನ ನೀನು ಯಾವ ಧೈರ್ಯದ ಮೇಲೆ ತಿಂತೀಯೇ?" ಪ್ರತಿ ವರ್ಷ ಬುಡದ ಹತ್ತಿರದ ಒಳ್ಳೇ ಕಾಯಿಗಳಿಗೆ ನನ್ನ ಬಟ್ಟೆ ಚೂರು ಕಟ್ಟಿಸ್ತಾರೆ. ಚೂರು ಕಟ್ಟಿದ ಕಾಯಿ ಬೀಜಕ್ಕೆ, ಅದನ್ನ ಯಾರೂ ಮುಟ್ಟೋ ಹಾಗಿಲ್ಲ. ಕೇಳಿದವರಿಗೆಲ್ಲ ಬೀಜ ಕೊಟ್ಟಿದ್ದಾರೆ. ತಗೊಂಡವರೆಲ್ಲ ಬೆಳೆದರು, ತಿಂದರು, ಬೀಜ ಉಳಿಸಲಿಲ್ಲ. ಉಳಿದಿದ್ದು ನಮ್ಮನೆಯಲ್ಲಿ ಮಾತ್ರ, ಆ ಡಬ್ಬಿಯಲ್ಲಿ.

ಕಾಲ ಬಂತು, ಅತ್ತೆ ಹೇಳಿದ್ರು, ನಾನು ಬೀಜ ಊರಿದೆ. ನೋಡೋಕೆ ಚೆನ್ನಾಗೇ ಇದ್ವು. ಚೀಲ ಸ್ವಲ್ಪ ಕಮಟು ಅನ್ನಿಸ್ತು, ಹಳೇ ಬಟ್ಟೆ ಅಂದ್ಕೊಂಡೆ. ಹತ್ತು ದಿನ ಆದ್ರೂ ಒಂದು ಮೊಳಕೆ ಇಲ್ಲ. ಮಣ್ಣು ಕೆದಕಿದರೆ ಕೊಳೆತ ಗೊಜ್ಜು. ಚೀಲದಲ್ಲಿ ಉಳಿದಿದ್ದ ಒಂದು ಬೀಜವನ್ನ ಹಲ್ಲಲ್ಲಿ ಕಚ್ಚಿದೆ. ಒಳಗೆಲ್ಲ ಕಂದು, ಹುರಿದ ರುಚಿ. ಆವಾಗ ಇಸ್ತ್ರಿ ನೆನಪಾಯ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ನಾನು ಅಟ್ಟಿದ್ದೂ ಆಗಿತ್ತು, ಕೆಟ್ಟಿದ್ದೂ ಆಗಿತ್ತು.

"ಸುಮ್ನೆ ಹೇಳಿಬಿಡೇ," ಅಂದ್ರು ಯಜಮಾನರು.

"ನಿಮ್ಮಮ್ಮ. ನೀವೇ ಹೇಳಿ."

"ನಿನ್ನ ಇಸ್ತ್ರಿ."

"ನಿಮ್ಮ ಡಬ್ಬಿ!"

ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ಯಾವುದೋ ಗಡಿಯಾರದೊಳಗೆ ಹೊಕ್ಕುಬಿಟ್ರು. ಕಷ್ಟ ಬಂದಾಗ ಅವರು ಹೋಗೋ ಊರು ಅದು.

ನಾನು ಅಂಗಡಿಗೆ ಓಡಿದೆ, ಬೀನ್ಸ್ ಬೀಜದ ಪ್ಯಾಕೆಟ್ ತಂದೆ, ಯಾರಿಗೂ ಹೇಳದೆ ಅದೇ ಡಬ್ಬಗಳಲ್ಲಿ ಊರಿದೆ. ಐದೇ ದಿನಕ್ಕೆ ತಲೆ ಎತ್ತಿದ್ವು. ಅತ್ತೆ ಮೆಟ್ಟಿಲು ಹತ್ತಿ ಬಂದು ಸವರಿ ನೋಡಿ, "ತಡವಾದ್ರೂ ಬಂದ್ವಲ್ಲ," ಅಂತ ನಕ್ಕರು. ನನಗೂ ನಗು ಬಂತು, ಕಳ್ಳ ನಗು. "ಎಲೆ ಯಾಕೋ ಈ ಸಲ ನುಣ್ಣಗಿದೆ," ಅಂದ್ರು ಮರುದಿನ. ಅವರು ಕೇಳೋ ಮೊದಲೇ "ಬಿಸಿಲು ಕಮ್ಮಿ ಅತ್ತೆ, ಗೊಬ್ಬರ ಜಾಸ್ತಿ ಆಯ್ತು, ನೀರೂ ಬದಲಾಗಿದೆ" ಅಂತ ಮೂರು ಕಾರಣ ಕೊಟ್ಟೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಜಾತಿ ನಾನು.

ಆದ್ರೆ ಆ ಹಾಳು ಗಿಡಗಳು ಮೊಣಕಾಲೆತ್ತರಕ್ಕೆ ಬಂದು ನಿಂತುಬಿಟ್ವು! ಬಳ್ಳಿ ಹಬ್ಬೋ ಜಾತಿಯೇ ಅಲ್ಲ ಅವು, ಕುಳ್ಳ ಗಿಡ. ಪ್ಯಾಕೆಟ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ಪಕ್ಕದಲ್ಲಿ ಅತ್ತೆ ನೆಡಿಸಿದ್ದ ಉದ್ದುದ್ದ ಕೋಲುಗಳು ಬೋಳಾಗಿ ನಿಂತಿದ್ವು. ಅತ್ತೆ ದಿನಾ ಬೆಳಿಗ್ಗೆ ಬಂದು ಒಂದೊಂದು ಕೋಲನ್ನೂ ಕೆಳಗಿಂದ ಮೇಲೆ ಸವರೋರು.

"ಇನ್ನೂ ಹತ್ತಲಿಲ್ವೇನೇ?"

"ಈ ಸಲ ಸೋಮಾರಿಗಳು ಅತ್ತೆ."

ಒಂದು ವಾರ ಹೀಗೇ ನಡೀತು. ಎಂಟನೇ ದಿನ ಅವರು ಕೋಲು ಸವರಿ ಕೈ ಹಿಂದಕ್ಕೆ ತಗೊಂಡ್ರು. ಆ ಕೈಯನ್ನ ಮುಖದ ಹತ್ತಿರ ಹಿಡಿದು ನೋಡಿದ್ರು, ಕಾಣಲ್ಲ ಅಂತ ಗೊತ್ತಿದ್ರೂ. "ನನ್ನ ಕೈಗುಣ ಹೋಯ್ತು ಕಣೇ," ಅಂದ್ರು. "ಅರವತ್ತು ವರ್ಷ ಹತ್ತಿದ ಬಳ್ಳಿ ಈಗ ನೆಲ ಹಿಡಿದಿದೆ. ಮಣ್ಣಿಗೆ ನಾನು ಬೇಡ ಆದೆ."

ಆವತ್ತಿಂದ ಅವರು ಟೆರೇಸಿಗೆ ಬರಲಿಲ್ಲ. ಹಾಸಿಗೆ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತ್ರು. ತಟ್ಟೆ ಇಟ್ರೆ ಎರಡು ತುತ್ತು, "ಸಾಕು." ಮೂರು ವಾರದಲ್ಲಿ ಮುಂಗೈ ಮೂಳೆ ಎದ್ದು ಕಾಣೋಕೆ ಶುರುವಾಯ್ತು. ಡಾಕ್ಟರು ಬಂದು, ಕಾಯಿಲೆ ಏನೂ ಇಲ್ಲ, ಉಣ್ಣಿಸಿ ಅಂತ ಹೇಳಿ ಹೋದ್ರು. ಕಾಯಿಲೆ ನಾನು ಅಂತ ಅವರಿಗೇನು ಗೊತ್ತು? ನನ್ನ ಬಾಯಿ ಹೆಸರುವಾಸಿ, ಬೀದಿಯವರು ನನಗಿಟ್ಟ ಹೆಸರೇ ಗುಡುಗು. ಆ ಗುಡುಗಿಗೆ ಅತ್ತೆ ಮುಂದೆ ಒಂದು ನಿಜ ಹೇಳೋಕೆ ಬಾಯಿ ಬರಲಿಲ್ಲ. ಹೇಳಿದ್ರೂ ಏನು ಕೊಡಲಿ ಕೈಗೆ? ಬೀಜ ಸುಟ್ಟೆ, ವಂಶ ಮುಗೀತು ಅಂತಲಾ?

ಗುಂಡಿ ತೂರೋ ಕಾಜಾ ಹೊಲಿಯುತ್ತಾ ಕೂತಿದ್ದಾಗ ಸೂಜಿ ಕೈತಪ್ಪಿ ಮೆಷಿನ್ ಕೆಳಗೆ ಬಿತ್ತು. ಬಗ್ಗಿ ತಡಕಾಡಿದೆ. ಹಾಗೆ ಬಗ್ಗಿದ್ದಾಗಲೇ ನನಗೆ ವಾರಗಿತ್ತಿ ನೆನಪಾದಳು.

ಏಳು ವರ್ಷದ ಹಿಂದೆ ಮೈದುನ ಬೇರೆ ಮನೆ ಮಾಡಿದ. ಪಾತ್ರೆ ಪಗಡ ಪಾಲಾಗೋ ದಿನ ದೊಡ್ಡ ಕೊಳಗದ ವಿಷಯಕ್ಕೆ ನನಗೂ ಅವಳಿಗೂ ಮಾತು ಬೆಳೀತು. ಒಂದು ಕೊಳಗ, ಅದಕ್ಕೂ ಆಗಲೇ ತೂತು ಬಿದ್ದಿತ್ತು. ಕೊನೆಗೆ ಅವಳು, "ಅತ್ತೆ ಬೀಜ ನಾಲ್ಕಾದ್ರೂ ಕೊಡಿ ಅಕ್ಕ" ಅಂದಳು. ನಾನು ಒಂದು ಮುಷ್ಟಿ ತೆಗೆದು ಅವಳ ಮುಖಕ್ಕೇ ಎಸೆದೆ. "ತಗೋ, ಇದರಲ್ಲೂ ಪಾಲು!" ಅವಳು ಮಂಡಿಯೂರಿ ಒಂದೊಂದೇ ಆರಿಸಿಕೊಂಡಳು, ಮೆಷಿನ್ ಕೆಳಗೂ ಕೈ ಹಾಕಿದಳು. ನಾನು ನಿಂತು ನೋಡಿದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆಮೇಲೆ ಮೈದುನ ಅಮ್ಮನ್ನ ನೋಡೋಕೆ ಬರ್ತಾನೆ, ಅವಳು ಬರಲ್ಲ. ಮೈದುನ ತಟ್ಟೆಗೆ ಬಂದದ್ದು ತಿನ್ನೋನು, ಯಾವ ಬಳ್ಳಿಯದು ಅಂತ ನೋಡೋನಲ್ಲ. ಅವನನ್ನ ಕೇಳಿ ಉಪಯೋಗ ಇಲ್ಲ.

ಅವಳು ಆ ಬೀಜ ಎಸೆದಿರ್ತಾಳೆ, ಅಂದ್ಕೊಂಡೆ. ನಾನಾಗಿದ್ರೆ ಎಸೀತಿದ್ದೆ. ಆದ್ರೂ ಮರುದಿನ ಮಧ್ಯಾಹ್ನ ಮನೆ ಮುಂಭಾಗದ ನನ್ನ ಹೊಲಿಗೆ ಅಂಗಡಿ ಬಾಗಿಲು ಎಳೆದು ಬಸ್ ಹತ್ತಿದೆ. ಊರಿನ ಆ ತುದಿ, ಎರಡು ಬಸ್ಸು. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿದೆ, ಬಿಚ್ಚಿದೆ, ಮತ್ತೆ ಜೋಡಿಸಿದೆ. ಒಂದೂ ಅಳತೆಗೆ ಕೂರಲಿಲ್ಲ.

ಅವರ ಕಟ್ಟಡದ ಮುಂದೆ ನಿಂತು ತಲೆ ಎತ್ತಿದೆ. ಮೂರನೇ ಮಹಡಿ ಬಾಲ್ಕನಿಯಿಂದ ಒಂದು ಹಸಿರು ಎದ್ದು, ಸರಳು ಹಿಡಿದು, ನಾಲ್ಕನೇ ಮಹಡಿಯವರ ಕಿಟಕಿ ದಾಟಿ, ಇನ್ನೂ ಮೇಲೆ ಜಾಗ ಹುಡುಕ್ತಿತ್ತು. ಉದ್ದುದ್ದ ಕಾಯಿ ಜೋತಾಡ್ತಿದ್ವು. ಬುಡದ ಹತ್ತಿರದ ಮೂರು ಕಾಯಿಗೆ ಬಟ್ಟೆ ಚೂರು ಕಟ್ಟಿತ್ತು. ಅಯ್ಯೋ ನನ್ನವ್ವಾ! ಹೋದ ಜೀವ ಬಂತು. ಅಲ್ಲೇ ಮೆಟ್ಟಿಲ ಮೇಲೆ ಕೂತು, ಹೋಗಿ ಬರೋರ ಎದುರಿಗೇ ಗೊಳೋ ಅಂತ ಅತ್ತುಬಿಟ್ಟೆ.

ಮೇಲಿಂದ ದನಿ ಬಂತು. "ಅಕ್ಕಾ, ಅಲ್ಲೇ ಕೂತು ಅಳ್ತೀರಾ, ಮೇಲೆ ಬಂದು ಅಳ್ತೀರಾ?"

ಮೇಲೆ ಹೋದೆ. ಅವಳು ಬೇಕರಿಯಲ್ಲಿ ಕೆಲಸ ಮಾಡ್ತಾಳೆ, ಆಗಷ್ಟೇ ಬಂದಿದ್ದಳು, ತೋಳಿಗೆಲ್ಲ ಹಿಟ್ಟು. ಜೋಡಿಸಿಟ್ಟ ಮಾತೊಂದೂ ನೆನಪಿಗೆ ಬರಲಿಲ್ಲ. "ಅತ್ತೆ ಬೀಜ ಸುಟ್ಟುಬಿಟ್ಟೆ ಕಣೇ," ಅಂದೆ. ಇಸ್ತ್ರಿ, ಪ್ಯಾಕೆಟ್ಟು, ಬೋಳು ಕೋಲು, ಅತ್ತೆ ಗೋಡೆ ಕಡೆ ತಿರುಗಿ ಕೂತಿದ್ದು, ಎಲ್ಲ ಒದರಿದೆ. ಇಸ್ತ್ರಿ ವಿಷಯಕ್ಕೆ ಬಂದಾಗ ಅವಳು ನಗು ತಡೀಲಾರದೆ ಬೆನ್ನು ತಿರುಗಿಸಿದಳು. ಅತ್ತೆ ವಿಷಯಕ್ಕೆ ಬಂದಾಗ ಈ ಕಡೆ ತಿರುಗಿದಳು.

"ಎಷ್ಟು ಎಸೆದಿದ್ರಿ ಗೊತ್ತಾ ಅಕ್ಕ? ಮೂವತ್ತೆರಡು. ಮೂವತ್ತೊಂದು ಸಿಕ್ತು. ಒಂದು ನಿಮ್ಮ ಮೆಷಿನ್ ಕೆಳಗೆ ಕಾಣ್ತಿತ್ತು, ಕೈಗೆ ಎಟುಕದೆ ಅಲ್ಲೇ ಉಳೀತು."

"ನೀನು ಇಟ್ಕೋತೀಯ ಅಂತ ನಾನು ಅಂದ್ಕೊಂಡಿರಲಿಲ್ಲ."

"ಕೋಪ ನಿಮ್ಮದು, ಬೀಜ ಅತ್ತೆಯದು. ನಿಮ್ಮ ಕೋಪಕ್ಕೆ ನಾನ್ಯಾಕೆ ಅದನ್ನ ಬಿಸಾಕಲಿ?" ಅಂದಳು. ಆಮೇಲೆ, "ನನ್ನ ಮಗಳಿಗೆ ತರಕಾರಿ ಅಂದ್ರೆ ಆಗ್ತಿರಲಿಲ್ಲ. ಈಗ ಶಾಲೆಯಿಂದ ಬಂದು ಮೊದಲು ಬಾಲ್ಕನಿಗೆ ಹೋಗ್ತಾಳೆ. ಮೇಲಿನ ಮನೆಯವರಿಗೆ ಕೊಟ್ಟೆ, ಬೇಕರಿಯವರಿಗೆ ಕೊಟ್ಟೆ. ಬೀಜ ವಾಪಸ್ ತೋರಿಸಿದವರನ್ನ ಮಾತ್ರ ಮರುವರ್ಷ ಮಾತಾಡಿಸ್ತೀನಿ. ಹನ್ನೊಂದು ಮನೆ ಆಯ್ತು," ಅಂದಳು.

ಹನ್ನೊಂದು ಮನೆ! ನಾನು ಒಂದು ಡಬ್ಬಿ ಕಾಯೋಕೆ ಆಗದೆ ಕೂತಿದ್ದೆ.

"ಹಾಗಾದ್ರೆ ಒಂದು ಮುಷ್ಟಿ ಕೊಡು, ಹೋಗಿ ಊರ್ತೀನಿ. ಅತ್ತೆಗೆ ಏನೂ ಹೇಳೋದು ಬೇಡ," ಅಂದೆ. ನೋಡಿ ನನ್ನ ಬುದ್ಧಿ, ಅಳು ಇನ್ನೂ ಆರಿರಲಿಲ್ಲ.

"ಕೊಡಲ್ಲ," ಅಂದಳು. "ನಾನೂ ಬರ್ತೀನಿ. ಮೊದಲು ನೀವು ನಿಜ ಹೇಳ್ಬೇಕು. ಬಳ್ಳಿ ಹತ್ತೋಕೆ ಇನ್ನೊಂದು ತಿಂಗಳು ಬೇಕು ಅಕ್ಕ. ಅಷ್ಟು ದಿನ ಅವರು ತಮ್ಮ ಕೈಯನ್ನ ಬೈಕೊಂಡು ಕೂತಿರಬೇಕಾ?"

ನಾನು ಕಣ್ಣೊರೆಸ್ಕೊಂಡು ಎದ್ದೆ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಲ್ಲಿ ಕೂತ್ವಿ, ಮಧ್ಯೆ ಬೀಜದ ಪೊಟ್ಟಣ. ಕೊಳಗ ಏನಾಯ್ತು ಅಂತ ಕೇಳಿದಳು. ಅದರಲ್ಲೇ ಸಿಪ್ಪೆ ಕೊಳೆಸ್ತೀವಿ ಅಂದೆ. ಇಬ್ಬರೂ ಎಷ್ಟು ನಕ್ವಿ ಅಂದ್ರೆ ಕಂಡಕ್ಟರ್ ತಿರುಗಿ ನೋಡಿದ.

ಅತ್ತೆ ಹಾಗೇ ಕೂತಿದ್ರು, ಗೋಡೆ ಕಡೆ ಮುಖ. ವಾರಗಿತ್ತಿ ಬಾಗಿಲಲ್ಲೇ ನಿಂತಳು. ನಾನು ಹಾಸಿಗೆ ಪಕ್ಕ ನೆಲದ ಮೇಲೆ ಕೂತು, ಉಸಿರು ಎಳ್ಕೊಂಡು, ಒಂದೇ ಸಲಕ್ಕೆ ಹೇಳಿಬಿಟ್ಟೆ. "ಅತ್ತೆ, ನಿಮ್ಮ ಬೀಜದ ಡಬ್ಬಿ ಮೇಲೆ ಇಸ್ತ್ರಿ ಇಟ್ಟು ಅಷ್ಟೂ ಬೀಜ ಸಾಯಿಸಿದ್ದು ನಾನು. ಮೇಲಿರೋದು ಅಂಗಡಿ ಬೀಜ. ಅದು ಹತ್ತೋ ಜಾತಿಯಲ್ಲ."

ಒಳಗಿನ ಕೋಣೆಯಲ್ಲಿ ಯಜಮಾನರು ಗಡಿಯಾರದ ಮೇಲಿಂದ ತಲೆ ಎತ್ತಿದ್ರು. ಬೈತಾರೆ, ಬೈಯಲಿ, ಅಂತ ಕಾದೆ.

"ಹಾಗಾದ್ರೆ ನನ್ನ ಕೈ?" ಅಂದ್ರು.

"ನಿಮ್ಮ ಕೈ ಚೆನ್ನಾಗೇ ಇದೆ ಅತ್ತೆ. ಕೆಟ್ಟಿದ್ದು ನನ್ನ ತಲೆ."

"ಅದು ನನಗೆ ಮೊದಲೇ ಗೊತ್ತಿತ್ತು ಬಿಡು," ಅಂದು ಅತ್ತೆ ನಮ್ಮ ಕಡೆ ತಿರುಗಿದ್ರು. ಕಣ್ಣಲ್ಲಿ ನೀರು ಸುರೀತಿತ್ತು, ಬಾಯಿ ನಗ್ತಿತ್ತು. "ಹಾಳಾದವಳೇ, ಮೊದಲೇ ಹೇಳ್ಬಾರದಾ? ನಾನು ಮುಗೀತು ಅಂದ್ಕೊಂಡು ಕೂತಿದ್ದೆ." ಆಮೇಲೆ ಮೂಗು ಅರಳಿಸಿದ್ರು. "ಬಾಗಿಲಲ್ಲಿ ಯಾರು? ಬ್ರೆಡ್ಡಿನ ವಾಸನೆ ಬರ್ತಿದೆ."

ವಾರಗಿತ್ತಿ ಬಂದು ಅವರ ಅಂಗೈಯಲ್ಲಿ ಪೊಟ್ಟಣ ಸುರಿದಳು. ಅತ್ತೆ ಒಂದನ್ನ ಎತ್ತಿ ಹೆಬ್ಬೆರಳಲ್ಲಿ ಉಜ್ಜಿದ್ರು, ಇನ್ನೊಂದನ್ನ ಉಜ್ಜಿದ್ರು. ಕೇಳಬೇಕಾದ್ದು ಏನೂ ಇರಲಿಲ್ಲ, ಬೆರಳಿಗೆ ಗೊತ್ತಾಗಿತ್ತು. "ಹಸಿವು," ಅಂದ್ರು. ಯಜಮಾನರು ಗಡಿಯಾರ ಬಿಟ್ಟು ಅಡುಗೆಮನೆಗೆ ಓಡಿದ್ರು.

ಅತ್ತೆ ನನ್ನ ಕೈ ಹುಡುಕಿ ಹಿಡಿದು, ಅದರಲ್ಲಿ ಒಂದು ಮುಷ್ಟಿ ಬೀಜ ಇಟ್ಟು ಮುಚ್ಚಿದ್ರು. ಏಳು ವರ್ಷದ ಹಿಂದೆ ಅವರು ಈ ಹಾಸಿಗೆ ಮೇಲೇ ಇದ್ರು, ನಾನು ಎಸೆದದ್ದು ನೆಲಕ್ಕೆ ಉದುರಿದ ಸದ್ದು ಅವರಿಗೆ ಕೇಳಿಸಿತ್ತು ಅಂತ ನನಗೆ ಆಗ ಗೊತ್ತಾಯ್ತು.

"ಈಗ ಸರಿಯಾಗಿ ಕೊಡು ಅವಳಿಗೆ," ಅಂದ್ರು.

ವಾರಗಿತ್ತಿ ಎರಡೂ ಕೈ ಸೇರಿಸಿ ಒಡ್ಡಿದಳು. ನಾನು ಕೊಟ್ಟೆ. ಒಂದೂ ಕೆಳಗೆ ಬೀಳಲಿಲ್ಲ.